ಸಿದ್ದಿಗಳ ಕಳೆದುಹೋದ ನುಡಿ

ಖಾನಾಪುರ ತಾಲ್ಲೂಕಿನ ಸಿದ್ದಿಗಳ ಬಗ್ಗೆ ಬಂದ ಲೇಖನವೊಂದನ್ನು ಈ ಸಂಚಿಕೆಗೆ ತೆಗೆದುಕೊಂಡಿಲ್ಲ. ಬರೆದವರ ಓಡಾಟದ ಬಗ್ಗೆ ನಮಗೆ ಗೌರವವಿದೆ. ಆದರೆ ಇಪ್ಪತ್ತು ಚಿಲ್ಲರೆ ಪದಗಳನ್ನು ಪಟ್ಟಿ ಮಾಡಿ, ಇವರ ಮೂಲ ಭಾಷೆ ಸ್ವಾಹಿಲಿಯೇ ಎಂದು ಷರಾ ಬರೆದುಬಿಟ್ಟರೆ ಹೇಗೆ ಒಪ್ಪುವುದು?

ಸಿದ್ದಿಗಳಲ್ಲಿ ಹಲವರ ಹಿರಿಯರನ್ನು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಖಾನಾಪುರದ ಕಾಡಂಚಿನಲ್ಲಿ ನೆಲೆ ನಿಂತರು. ಇಂದು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಮಾತು ಬಹಳ ಕಡೆ ಕೊಂಕಣಿ, ಮುಸ್ಲಿಮರಲ್ಲಿ ಉರ್ದು. ಹೊರಗೆ ಕನ್ನಡ, ಮರಾಠಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು; ಬೆಳಗಾವಿ, ಧಾರವಾಡ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು. ಕಾಡು ಒಂದೇ, ಜನ ಒಂದೇ, ನಡುವೆ ಜಿಲ್ಲೆಯ ಗಡಿ! ಸರ್ಕಾರದ ವರ್ಗೀಕರಣವೇ ಹೀಗಿರುವಾಗ ಭಾಷೆಯದ್ದು ಸುಲಭವಾದೀತೆ?

2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಸಿದ್ದಿಗಳ ಆಫ್ರಿಕನ್ ನಂಟು ಬಾಂಟು ಜನರ ಕಡೆಗಿದೆ ಎಂದಿತು. ಲೇಖನ ಮುಖ್ಯವಾಗಿ ನೆಚ್ಚಿದ್ದು ಇದನ್ನೇ. ಸ್ವಾಹಿಲಿ ಬಾಂಟು ನುಡಿ ನಿಜ. ಆದರೆ ಮಕುವಾ, ಸೇನಾ, ತ್ಸೋಂಗಾ ಎಂದು ಮೊಜಾಂಬಿಕ್‌ನಲ್ಲೇ ಎಷ್ಟೊಂದು ಬಾಂಟು ನುಡಿಗಳಿವೆ. ಹಡಗು ಹತ್ತಿಸಿದವರು ಯಾವ ಊರಿನವರನ್ನು ಹಿಡಿದು ತಂದರೆಂದು ರಕ್ತ ಪರೀಕ್ಷೆ ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂದು ಕೊಂಕಣಿ ಆಡುವ ಸಿದ್ದಿಗಳೇ ರಕ್ತ ಬೇರೆ, ಮಾತು ಬೇರೆ ಎಂಬುದಕ್ಕೆ ಸಾಕ್ಷಿ.

ಪದಗಳು ಒಂದರಂತೆ ಒಂದು ಕೇಳಿಸಿದ ಮಾತ್ರಕ್ಕೆ ಭಾಷೆಗಳು ಒಂದೇ ಕುಟುಂಬದವು ಆಗುವುದಿಲ್ಲ. ಅವು ಒಂದೇ ಕ್ರಮದಲ್ಲಿ ಬೇರೆಯಾಗಿರಬೇಕು. ತಮಿಳಿನ ಪಾಲ್, ಪುಲಿ, ಪಲ್ ನಮ್ಮಲ್ಲಿ ಹಾಲು, ಹುಲಿ, ಹಲ್ಲು. ಇದನ್ನು ನೋಡಲು ದೂರ ಹೋಗಬೇಕಿಲ್ಲ, ಖಾನಾಪುರದಿಂದ ನಂದಗಡ ದಾಟಿ ಹಲಸಿಗೆ ಹೋದರೆ ಸಾಕು. ಕದಂಬರ ತಾಮ್ರಪಟಗಳಲ್ಲಿ ಆ ಊರು ಪಲಾಶಿಕಾ. ಪಕಾರ ಹಕಾರವಾಗಿ ಹಲಸಿ ಆಯಿತು. ಇಂಥ ಬದಲಾವಣೆ ನೂರಾರು ಪದಗಳಲ್ಲಿ ತಪ್ಪದೆ ಕಾಣುವುದರಿಂದಲೇ 1856ರಲ್ಲಿ ಭಾಷಾಪಂಡಿತ ಕಾಲ್ಡ್‌ವೆಲ್ ಕಟ್ಟಿಕೊಟ್ಟ ದ್ರಾವಿಡ ಕುಟುಂಬ ಇಂದಿಗೂ ನಿಂತಿದೆ.

ನೂರಾರು ಪದಗಳೇ ಇಲ್ಲದಿದ್ದರೆ? ದಕ್ಷಿಣ ಅಮೆರಿಕದ ಉರುಗ್ವೆ ಸುತ್ತಲಿನ ಚರುವಾ, ಚನಾ, ಗ್ವೆನೋವಾ ನುಡಿಗಳ ಪಾಡು ಇದು. ಗ್ವೆನೋವಾದಲ್ಲಿ ಸಿಕ್ಕಿದ್ದು 1787ರಲ್ಲಿ ಅಚ್ಚಾದ ಪುಟ್ಟ ಧರ್ಮಪ್ರಶ್ನೋತ್ತರ. ಚನಾ ನುಡಿಗೆ ಪಾದ್ರಿ ಲಾರ್ರಾನ್ಯಾಗಾ 1815ರಲ್ಲಿ ಮುದುಕರನ್ನು ಕೇಳಿ ಬರೆದ ಟಿಪ್ಪಣಿ. ಚರುವಾದ್ದು ವಿಲಾರ್ದೆಬೊ ಎಂಬ ವೈದ್ಯ 1840ರ ದಶಕದ ಆರಂಭದಲ್ಲಿ ಗುರುತು ಹಾಕಿಕೊಂಡ ಸುಮಾರು ಎಪ್ಪತ್ತು ಪದ. ಎರಡು ಎನ್ನಲು ಚರುವಾದಲ್ಲಿ ಸಾಮ್, ಚನಾದಲ್ಲಿ ಸಾನ್. ಒಂದೇ ಕುಟುಂಬ ಎನ್ನಲು ಯಾರಿಗೂ ಆಸೆಯಾಗುತ್ತದೆ. ಹೆಚ್ಚಿನ ವಿದ್ವಾಂಸರು ಒಪ್ಪಿಯೂ ಇದ್ದಾರೆ. ಆದರೆ ಬರೀ ಸಂಖ್ಯೆಗಳನ್ನು ನಂಬುವಂತಿಲ್ಲ, ಅವು ಎರವಲೂ ಬರುತ್ತವೆ. ಬೆಳಗಾವಿಯ ಖಡೇಬಜಾರಿನಲ್ಲಿ ದೀಡ ಕಿಲೋ, ಅಡೀಚ ಕಿಲೋ ಎಂದು ಕೇಳುವ ನಮ್ಮ ಕನ್ನಡ ಅಷ್ಟಕ್ಕೇ ಮರಾಠಿಯ ಸಂತಾನವಾಯಿತೆ? ಮುಂದೆ ಈ ಮೂರನ್ನು ಗ್ವಾಯ್ಕುರು, ಮತಾಕೊ ಕುಟುಂಬಗಳೊಡನೆ ಸೇರಿಸಿ ಇನ್ನೂ ದೊಡ್ಡ ಕುಟುಂಬ ಕಟ್ಟಲು ಹೊರಟವರಿಗೆ ಸಾಮಗ್ರಿ ಸಾಲದೆ ಹೋಯಿತು.

ನಮ್ಮ ಲೇಖಕರ ಪಟ್ಟಿಯ ಮೊದಲ ಪದವೇ ಡಮಾಮಿ, ಸಿದ್ದಿಗಳ ಪ್ರಸಿದ್ಧ ಕುಣಿತದ ಹೆಸರು. ದಮಾಮ ಎಂಬ ನಗಾರಿ ಪಾರ್ಸಿಯಲ್ಲಿದೆ, ಮೊಘಲರ ದಂಡಿನಲ್ಲಿತ್ತು. ಸಿದ್ದಿ ಹೆಂಗಸರ ಕೌದಿಯನ್ನೇ ನೋಡಿ: ಹಳೆ ಸೀರೆಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹೊಲಿದು, ಕೊನೆಗೆ ಮೂಲೆಗಳಿಗೆ ಮಡಿಸಿದ ಬಟ್ಟೆಯ ಫುಲಾ ಇಡುತ್ತಾರೆ. ಆ ಕೈಚಳಕ ಆಫ್ರಿಕದ್ದಿದ್ದರೂ ಇದ್ದೀತು. ಫುಲಾ ಎಂಬ ಪದ ಮಾತ್ರ ಈ ಕಡೆಯದು, ಹೂವು ಎಂದರ್ಥ. ಬಾಂಟು ನುಡಿಯ ನಿಜವಾದ ಗುರುತು ನಾಮಪದದ ಮುಂದೆ ಹತ್ತುವ ಪ್ರತ್ಯಯ. ಸ್ವಾಹಿಲಿಯಲ್ಲಿ ಮನುಷ್ಯ ಮ್ತು, ಮನುಷ್ಯರು ವಾತು. ಅಂಥ ಜೋಡಿ ಒಂದಾದರೂ ಹಳೆಯ ಹಾಡಿನಲ್ಲಿ ಸಿಕ್ಕರೆ ಅದು ಇಡೀ ಪಟ್ಟಿಗಿಂತ ತೂಕದ್ದು. ಅಲ್ಲಿಯವರೆಗೆ ಹೇಳಬಹುದಾದದ್ದು ಇಷ್ಟೇ: ಯಾವುದೋ ಬಾಂಟು ನುಡಿ, ಬಹುಶಃ ಒಂದಕ್ಕಿಂತ ಹೆಚ್ಚು.

ಅಂಥದ್ದು ಸಿಗಲಾರದು ಎನ್ನುವಂತಿಲ್ಲ. ಚನಾ ಸತ್ತಿದೆ ಎಂದು ಎಲ್ಲರೂ ಕೈಚೆಲ್ಲಿದ್ದರು. 2005ರಲ್ಲಿ ಅರ್ಜೆಂಟೀನಾದ ಬ್ಲಾಸ್ ಹೈಮೆ ಎಂಬ ವೃದ್ಧರು, ತಾಯಿ ಕಲಿಸಿದ ಮಾತು ತಮಗೆ ನೆನಪಿದೆ ಎಂದು ಮುಂದೆ ಬಂದರು. ಭಾಷಾಶಾಸ್ತ್ರಜ್ಞ ಪೆದ್ರೊ ವಿಯೆಗಾಸ್ ಬಾರ್ರೊಸ್ ಅವರೆದುರು ಕೂತು ಕೇಳಿ ಬರೆದುಕೊಂಡರು. ಇಬ್ಬರ ಹೆಸರಿನಲ್ಲಿ 2013ರಲ್ಲಿ ಪುಸ್ತಕ ಬಂತು.

ಖಾನಾಪುರ, ಬೆಳಗಾವಿಯ ಕಾಲೇಜು ಮಾಸ್ತರರಲ್ಲಿ, ಅದಕ್ಕಿಂತ ಮೊದಲು ಓದಿದ ಸಿದ್ದಿ ಹುಡುಗ ಹುಡುಗಿಯರಲ್ಲಿ ನಮ್ಮ ವಿನಂತಿ: ಬಿಡಿಪದಗಳ ಪಟ್ಟಿ ಬೇಡ. ಅಜ್ಜ ಅಜ್ಜಿಯರ ಜೋಗುಳ, ಬೈಗುಳ, ದನ ಕರೆಯುವ ಕೂಗು, ಹಿರಿಯರ ಪೂಜೆಯಲ್ಲಿ ಆಡುವ ಮಾತು, ಅರ್ಥವಾಗದ ಹಾಡಿನ ಸೊಲ್ಲು, ಎಲ್ಲವನ್ನೂ ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಊರು, ತಾರೀಖು ಬರೆದಿಡಿ. ಒಂದು ಪ್ರತಿ ಆ ಮನೆಗೇ ಕೊಡಿ. ನಮಗೆ ಬರೆದು ಕಳಿಸಿದರೆ ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕುತ್ತೇವೆ. ಕುಟುಂಬ ಯಾವುದೆಂಬ ಚರ್ಚೆ ಆಮೇಲೆ ನಡೆಯಲಿ.