ಹಗುರ ಕೋಲು ಯಾರ ಕೈಗೆ?

ಕಿಟಕಿ ತೊಳೆಯೋ ಕಾರ್ಬನ್ ಫೈಬರ್ ಕೋಲಿಗೆ ಅಷ್ಟು ರೊಕ್ಕ ಯಾಕೆ ಅಂತೀರಲ್ಲ, ತಿಕೋಟಾ ಹತ್ತಿರದ ನಮ್ಮ ಕನಮಡಿ ಮನೆಗಾದ್ರೆ ನಾನೂ ಬೇಡ ಅಂತೀನಿ. ಅಲ್ಲಿ ಕಿಟಕಿ ಕೈಗೇ ಎಟಕುತ್ತೆ. ತಾಪತ್ರಯ ಇರೋದು ಬೋರ್‌ವೆಲ್ಲಿನ ಗಡಸು ನೀರಿಂದು: ಗಾಜಿನ ಮೇಲೆ ಒಣಗಿದ್ರೆ ಬಿಳಿ ಕಲೆ, ಕೋಲು ಎಷ್ಟೇ ಹಗುರಿದ್ರೂ. ಒಣಗೋ ಮೊದಲೇ ಎಳೆದು ತೆಗೆಯೋಕೆ ರಬ್ಬರ್ ಪಟ್ಟಿ ಸಾಕು. ಎಟ್ಟೋರೆ ಸ್ಟೆಕೋನೆ ಅದಕ್ಕೆ ಪೇಟೆಂಟ್ ಪಡೆದದ್ದು 1936ರಲ್ಲಿ!

ನಿಮ್ಮ ಬೆಂಗಳೂರು ಆಫೀಸಿನ ಗಾಜು ಬೇರೆ ಮಾತು. ಕೋಲು ಉದ್ದ ಆದಷ್ಟೂ ತುದಿಯ ಭಾರ ಜಗ್ಗುತ್ತೆ. ದಿನವಿಡೀ ತಲೆ ಮೇಲೆತ್ತಿ ಹಿಡಿಯೋನ ಭುಜ ಕೇಳಿ ನೋಡಿ. ಅಲ್ಲಿ ಹಗುರ ಕೋಲು ಖಂಡಿತ ಬೆಲೆಗೆ ತಕ್ಕದ್ದು. ಆದ್ರೆ ಹಗುರ ಲ್ಯಾಪ್‌ಟಾಪಿಗೆ ಮರುಮಾತಿಲ್ಲದೆ ಜಾಸ್ತಿ ಕೊಡೋ ನಾವು, ಸಫಾಯಿ ಕಾಂಟ್ರ್ಯಾಕ್ಟಿನಲ್ಲಿ ಮಾತ್ರ ಅಗ್ಗದ್ದೇ ಹುಡುಕ್ತೀವಿ. ಮುಂದಿನ ಸಲ ಸಹಿ ಹಾಕುವಾಗ ಕೋಲಿನ ತೂಕಾನೂ ಬರೆಸ್ರಿ.