ಯಾವ ವರ್ಷದ ಸ್ಟ್ಯಾಂಡರ್ಡ್?

ಇಂಟರ್ನ್‌ಷಿಪ್ ಸಂದರ್ಶನದಲ್ಲಿ ಒಂದು ಸಿ ಪ್ರೋಗ್ರಾಂ ತೋರಿಸಿ ‘ಇದರಲ್ಲಿ ತಪ್ಪೇನಾದರೂ ಇದೆಯಾ?’ ಎಂದು ಕೇಳಿದರು. ಫಂಕ್ಷನ್ ಒಳಗೆ ಒಂದು ಅರೇ, ಅದರ ಆರಂಭದ ಬೆಲೆಗಳಾಗಿ ಎರಡು ವೇರಿಯೇಬಲ್‌ಗಳು. ‘ಇದು ನಾನ್‌ಸ್ಟ್ಯಾಂಡರ್ಡ್ ಎಕ್ಸ್‌ಟೆನ್ಶನ್ ಸರ್’ ಎಂದೆ, ಧೈರ್ಯವಾಗಿಯೇ. ಕಂಪೈಲರ್ ಹಾಗೆ ಎಚ್ಚರಿಸಿತೆಂದು ನನ್ನ ಮಿನಿ ಪ್ರಾಜೆಕ್ಟ್‌ನಲ್ಲಿ ಇಂಥ ಸಾಲುಗಳನ್ನೆಲ್ಲ ಒಡೆದು ಬರೆದವನು ನಾನು! ‘ಯಾವ ವರ್ಷದ ಸ್ಟ್ಯಾಂಡರ್ಡ್ ಪ್ರಕಾರ?’ ಎಂದರು. ಬಾಯಿ ಕಟ್ಟಿತು. ಆ ಅವಕಾಶವೂ ಹೋಯಿತು.

ದಂಡಿನಶಿವರಕ್ಕೆ ಬಂದು ಕೂತು ಓದಿದಾಗ ವಿಷಯ ತಿಳಿಯಿತು. 1989ರ ಸಿ ಭಾಷೆಯಲ್ಲಿ ಅರೇಗೆ ಹೀಗೆ ಕೊಡುವ ಬೆಲೆಗಳು ಸ್ಥಿರಾಂಕಗಳೇ ಆಗಿರಬೇಕಿತ್ತು. ವೇರಿಯೇಬಲ್ ಕೊಟ್ಟರೆ ಅದು ಕಂಪೈಲರ್ ತಯಾರಕರು ತಾವಾಗಿ ಸೇರಿಸಿದ ಸೌಲಭ್ಯ, ಅಂದರೆ ಎಕ್ಸ್‌ಟೆನ್ಶನ್. 1999ರ ಸ್ಟ್ಯಾಂಡರ್ಡ್, ಅಂದರೆ ಸಿ99, ಅದನ್ನು ಭಾಷೆಯ ಭಾಗವನ್ನಾಗಿಸಿತು. ಎರಡು ಓರೆಗೆರೆ ಹಾಕಿ ಬರೆಯುವ ಕಾಮೆಂಟ್‌ನ ಕಥೆಯೂ ಇದೇ. ಆದರೆ ಮೈಕ್ರೋಸಾಫ್ಟ್ ಕಂಪೈಲರ್‌ನ ಸಿ4204 ಎಂಬ ಎಚ್ಚರಿಕೆ ‘ನಾನ್‌ಸ್ಟ್ಯಾಂಡರ್ಡ್ ಎಕ್ಸ್‌ಟೆನ್ಶನ್ ಬಳಸಲಾಗಿದೆ’ ಎನ್ನುತ್ತದೆಯೇ ಹೊರತು ಯಾವ ವರ್ಷದ ಲೆಕ್ಕ ಎಂದು ಹೇಳುವುದಿಲ್ಲ. ಜಿಸಿಸಿ ಇಂಥ ಕಡೆ ‘ಐಎಸ್‌ಒ ಸಿ90’ ಎಂದು ಹೆಸರು ಹಿಡಿದು ಹೇಳುವುದುಂಟು. ವ್ಯತ್ಯಾಸ ಎರಡು ಪದದ್ದು, ಆದರೆ ಕಲಿಯುವವನಿಗೆ ಅದು ದೊಡ್ಡದು.

ನಮ್ಮ ತಾತನ ಬಾಯಲ್ಲಿ ಈಗಲೂ ಮಣ, ಸೇರು. 1956ರ ಕಾಯ್ದೆಯಿಂದ ಮೆಟ್ರಿಕ್ ತೂಕ ಬಂತು, ತಿಪಟೂರಿನಲ್ಲಿ ಕೊಬ್ಬರಿ ಧಾರಣೆ ಹೇಳುವುದು ಕ್ವಿಂಟಲ್‌ಗೆ. ಹಾಗಂತ ತಾತ ಯಾವತ್ತೂ ಕ್ವಿಂಟಲ್ಲನ್ನು ಕಳ್ಳತೂಕ ಎಂದಿಲ್ಲ.

ಕೇಳದೆ ನಂಬಿದ ತಪ್ಪು ನನ್ನದೇ. ಆದರೆ ಲ್ಯಾಬ್‌ಗಳಲ್ಲಿ ಇದನ್ನು ಹೇಳುವವರೂ ಕಡಿಮೆ. ‘ವಾರ್ನಿಂಗ್ ತಾನೇ, ಔಟ್‌ಪುಟ್ ಬಂತಲ್ಲ, ಬಿಡು’ ಎನ್ನುವುದೇ ರೂಢಿ. ಅದೂ ಅಪಾಯ. ಟರ್ಬೊ ಸಿ ಕಾಲದಿಂದ ಬಂದ ‘ವಾಯ್ಡ್ ಮೇನ್’ ಬರೆದಾಗ ಜಿಸಿಸಿ ಎಚ್ಚರಿಸುತ್ತದೆ. ಆ ಎಚ್ಚರಿಕೆ ನಿಜ, ‘ಮೇನ್’ ಇಂಟ್ ಆಗಿರಬೇಕು. ನಾವು ನಿಜವಾದದ್ದನ್ನು ಕಡೆಗಣಿಸಿ, ಹಳತಾದದ್ದಕ್ಕೆ ಹೆದರುತ್ತಿದ್ದೇವೆ. ಮೊದಲ ಸೆಮಿಸ್ಟರಿನ ಮೊದಲ ಲ್ಯಾಬ್‌ನಲ್ಲೇ ಸಿ89, ಸಿ99, ಸಿ11 ಎಂಬ ಮೂರು ಹೆಸರು ಬೋರ್ಡ್ ಮೇಲೆ ಬರೆದು, ಒಂದೇ ಪ್ರೋಗ್ರಾಂ ಅನ್ನು ಮೂರಕ್ಕೂ ಕಂಪೈಲ್ ಮಾಡಿ ತೋರಿಸಲಿ. ಅರ್ಧ ಗಂಟೆಯೂ ಬೇಡ.

ಕಳೆದ ಭಾನುವಾರ ಒಡೆದ ಸಾಲುಗಳನ್ನು ಮತ್ತೆ ಕೂಡಿಸಿದೆ. ಜಿಸಿಸಿಗೆ ಸಿ99 ಎಂದು ಹೇಳಿ, ‘ಪೆಡಾಂಟಿಕ್’ ಹಾಕಿ ಓಡಿಸಿದೆ. ಒಂದು ವಾರ್ನಿಂಗೂ ಬರಲಿಲ್ಲ.