ಅವಸರದ ಪದವಿ: ಲಾಭವೆಷ್ಟು, ನಷ್ಟವೆಷ್ಟು?

ಮಕ್ಕಳು ಬೇಗನೆ ಪದವಿ ಮುಗಿಸಿ ಸಂಪಾದನೆಗೆ ತೊಡಗಬೇಕೆಂಬ ಬಯಕೆ ತಂದೆತಾಯಿಗಳಿಗೆ ಸಹಜವಾದುದು. ಆ ಬಯಕೆಗೆ ಇಂಬುಕೊಡುವಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರ ನವೆಂಬರ್ ತಿಂಗಳಿನಲ್ಲಿ ತ್ವರಿತ ಪದವಿಯ ಕಾರ್ಯವಿಧಾನಕ್ಕೆ ಸಮ್ಮತಿ ನೀಡಿತು. ಇದರನ್ವಯ ಮೂರು ವರ್ಷಗಳ ಪದವಿಯನ್ನು ಐದು ಸೆಮಿಸ್ಟರುಗಳಲ್ಲಿಯೂ, ನಾಲ್ಕು ವರ್ಷಗಳದನ್ನು ಆರು ಅಥವಾ ಏಳು ಸೆಮಿಸ್ಟರುಗಳಲ್ಲಿಯೂ ಮುಗಿಸಬಹುದು. ಮೊದಲನೆಯ ಅಥವಾ ಎರಡನೆಯ ಸೆಮಿಸ್ಟರಿನ ಕೊನೆಯಲ್ಲಿ ಆಯ್ಕೆ ನಡೆಯಬೇಕು. ಅರ್ಹತೆಯನ್ನು ಸಂಸ್ಥೆಯ ಸಮಿತಿ ನಿರ್ಣಯಿಸಬೇಕು. ಮಂಜೂರಾದ ಸ್ಥಾನಗಳಲ್ಲಿ ಶೇ. 10ರಷ್ಟು ವಿದ್ಯಾರ್ಥಿಗಳಿಗೆ ಮಾತ್ರ ಈ ಅವಕಾಶ.

ಈ ಏರ್ಪಾಡಿನಲ್ಲಿ ಗುಣವೇ ಇಲ್ಲವೆನ್ನುವುದು ಅನ್ಯಾಯವಾದೀತು. ಮನೆಯ ಭಾರ ಎಳೆಯ ವಯಸ್ಸಿಗೇ ಹೆಗಲೇರಿದವರಿಗೆ ಆರು ತಿಂಗಳು ಮೊದಲೇ ದೊರೆಯುವ ಸಂಬಳ ಸಣ್ಣ ಮಾತಲ್ಲ. ಊಟ-ವಸತಿಗಳ ವೆಚ್ಚವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ನಿಜವಾಗಿಯೂ ಚುರುಕಾದ ವಿದ್ಯಾರ್ಥಿಯನ್ನು ತರಗತಿಯ ಸರಾಸರಿ ನಡಿಗೆಗೆ ಕಟ್ಟಿಹಾಕುವುದೂ ಸರಿಯಲ್ಲ.

ಆದರೆ ಕಾಲ ಉಳಿಯಿತೆಂಬ ಮಾತನ್ನು ಒರೆಗೆ ಹಚ್ಚಿ ನೋಡಬೇಕು. ಮೂರು ವರ್ಷಗಳ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳು ಬೇಕು; ಅಂದರೆ ಸೆಮಿಸ್ಟರಿಗೆ 20. ಅವಧಿಯನ್ನು ಮೊಟಕುಗೊಳಿಸಿದರೂ ಕ್ರೆಡಿಟ್‌ಗಳ ಸಂಖ್ಯೆ ಇಳಿಯುವುದಿಲ್ಲ. ಮೊದಲ ಸೆಮಿಸ್ಟರಿನ ನಂತರ ತ್ವರಿತ ಮಾರ್ಗ ಹಿಡಿದವರು ಉಳಿದ 100 ಕ್ರೆಡಿಟ್‌ಗಳನ್ನು ನಾಲ್ಕು ಸೆಮಿಸ್ಟರುಗಳಲ್ಲಿ, ತಲಾ 25ರಂತೆ ಮುಗಿಸಬೇಕಾಗುತ್ತದೆ. ಎರಡನೆಯದರ ನಂತರ ಹಿಡಿದರೆ ಹೊರೆ ಸುಮಾರು 27ಕ್ಕೆ ಏರುತ್ತದೆ. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆಯ ಉಪನ್ಯಾಸ ಅಥವಾ ಎರಡು ಗಂಟೆಗಳ ಪ್ರಯೋಗ. ಮನೆಯಲ್ಲಿ ಕುಳಿತು ಓದುವ ಹೊತ್ತು ಇದಕ್ಕೆ ಹೊರತು. ಹೀಗೆ ಉಳಿಯಿತೆನ್ನುವ ಕಾಲವನ್ನು ವಿದ್ಯಾರ್ಥಿಯ ನಿದ್ರೆ, ಬಿಡುವು ಮತ್ತು ಮನನಗಳಿಂದಲೇ ಕಿತ್ತು ತರಲಾಗುತ್ತದೆ.

ಈ ಹೊರೆಯನ್ನು ಹೊರಬಲ್ಲವರು ಯಾರು? ಮನೆಯಲ್ಲಿ ಓದಲು ಪ್ರತ್ಯೇಕ ಕೋಣೆಯಿದ್ದು, ಬೇರಾವ ಕೆಲಸದ ಕರೆಯೂ ಇಲ್ಲದವರು. ನಸುಕಿನಲ್ಲಿ ಹಾಲು ಹಾಕಿ ಬಂದು, ಸಂಜೆ ಅಂಗಡಿಯ ಲೆಕ್ಕ ಬರೆಯುವ ಹುಡುಗನಿಗೆ ವಾರಕ್ಕೆ ಐದು ಗಂಟೆಗಳ ಹೆಚ್ಚಿನ ತರಗತಿ ಎಲ್ಲಿ ಹಿಡಿಸೀತು? ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿಗೆ ಎಲ್ಲಿ ಹಿಡಿಸೀತು? ಉಳಿತಾಯ ಯಾರಿಗೆ ಅತ್ಯಗತ್ಯವೋ ಅವರಿಗೇ ಅದು ಎಟುಕದು. ಈ ಯೋಜನೆಯ ಮೂಲಭೂತ ದೋಷವೇ ಇದು.

ಕರ್ನಾಟಕದ ಮಟ್ಟಿಗೆ ಇನ್ನೊಂದು ಸಂಗತಿಯುಂಟು. 2021-22ರಲ್ಲಿ ಇಲ್ಲಿ ಬಂದ ನಾಲ್ಕು ವರ್ಷಗಳ ಪದವಿ ಪದ್ಧತಿಯನ್ನು ಕೈಬಿಟ್ಟು, 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಆದ್ದರಿಂದ ಈ ಪದ್ಧತಿಯಲ್ಲಿ ಉಳಿಸಬಹುದಾದದ್ದು ಹೆಚ್ಚೆಂದರೆ ಒಂದೇ ಸೆಮಿಸ್ಟರ್. ವರ್ಷದ ನಡುವೆ ಪದವಿ ಮುಗಿಸಿದವರು ಸ್ನಾತಕೋತ್ತರ ಪ್ರವೇಶವನ್ನು ಬಯಸಿದರೆ, ವರ್ಷಕ್ಕೊಮ್ಮೆ ಮಾತ್ರ ಪ್ರವೇಶ ನೀಡುವ ಕಡೆ, ಉಳಿಸಿದ ತಿಂಗಳುಗಳನ್ನು ಕಾಯುವುದರಲ್ಲಿಯೇ ಕಳೆಯಬೇಕು. ಓಡಿಬಂದು ಮುಚ್ಚಿದ ಬಾಗಿಲ ಮುಂದೆ ನಿಂತಂತಾಯಿತು!

ಅದೇ ಆಯೋಗವು ಅದೇ ಸಂದರ್ಭದಲ್ಲಿ ಒಪ್ಪಿದ ಇನ್ನೊಂದು ಮಾರ್ಗದ ಬಗೆಗೆ ಸಮಾಜದಲ್ಲಿ ಮಾತೇ ಇಲ್ಲ. ಅದು ವಿಸ್ತರಿತ ಪದವಿ. ಕಷ್ಟದಲ್ಲಿರುವ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರಿನ ಹೊರೆಯನ್ನು ಇಳಿಸಿಕೊಂಡು, ಹೆಚ್ಚೆಂದರೆ ಎರಡು ಸೆಮಿಸ್ಟರು ತಡವಾಗಿ ಮುಗಿಸಲು ಇದರಲ್ಲಿ ಅವಕಾಶವಿದೆ. ಇದಕ್ಕೆ ಶೇಕಡಾವಾರು ಮಿತಿಯೂ ಇಲ್ಲ. ಎರಡೂ ಬಗೆಯ ಪದವಿಗಳಿಗೆ ಸಾಮಾನ್ಯ ಪದವಿಯಷ್ಟೇ ಮಾನ್ಯತೆಯಿದೆ. ಹೀಗಿದ್ದರೂ ಬೇಗ ಮುಗಿಸಿದವರಿಗೆ ಶಾಲು, ಹಾರ, ಸನ್ಮಾನ. ತಡವಾದವರಿಗೆ ನೆಂಟರಿಷ್ಟರ ಕುಹಕ. ತಾಯಿಯ ಕಾಯಿಲೆಯಿಂದಲೋ, ತಂದೆಯ ಸಾಲದಿಂದಲೋ ಒಂದು ಸೆಮಿಸ್ಟರು ಹಿಂದೆ ಬಿದ್ದವರಿಗೆ ಸಹಾಯಧನವೂ ನಿಂತುಹೋದರೆ ಅವರು ಪದವಿಯನ್ನೇ ತೊರೆಯುತ್ತಾರೆ. ಒಂದು ಸೆಮಿಸ್ಟರಿನ ವಿಳಂಬಕ್ಕಿಂತ ಆ ನಷ್ಟ ಎಷ್ಟು ಪಾಲು ಹಿರಿದು!

ವಿದ್ಯಾರ್ಥಿನಿಲಯಗಳನ್ನು ನಡೆಸುವ, ವಿದ್ಯಾರ್ಥಿವೇತನ ಹಂಚುವ ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ದೃಢವಾದ ನಿಲುವು ತಳೆಯಬೇಕಾಗಿದೆ. ದಾನದ ಹಣದಿಂದ ವೇಗಕ್ಕೆ ಬಹುಮಾನ ಕೊಡುವುದು ತರವಲ್ಲ. ಅಂಥವರು ಹೇಗೂ ಮುಂದೆ ಹೋಗುತ್ತಾರೆ. ಆರನೆಯ ಸೆಮಿಸ್ಟರಿಗೆ ವಿದ್ಯಾರ್ಥಿವೇತನ ಮುಗಿಯಿತೆಂಬ ನಿಯಮವನ್ನು ಎಂಟನೆಯದರವರೆಗೆ ಸಡಿಲಿಸಿ, ಕಾರಣ ವಿಚಾರಿಸಿ, ತಡವಾದವರ ಕೈ ಹಿಡಿಯುವುದೇ ಆ ಹಣಕ್ಕೆ ತಕ್ಕ ವಿನಿಯೋಗ. ತಂದೆತಾಯಿಗಳಾದರೂ, ತ್ವರಿತ ಪದವಿಯ ಅರ್ಜಿಗೆ ಸಹಿ ಹಾಕುವ ಮುನ್ನ ಅವಸರ ಮಕ್ಕಳದೋ ತಮ್ಮದೋ ಎಂದು ಒಮ್ಮೆ ಕೇಳಿಕೊಳ್ಳಲಿ.